ಶೇಕಡಾ ಐವತ್ತು

ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದವನು ನಡುವೆ ಕೈ ನಿಲ್ಲಿಸಿ ಮಂಚದ ಕಡೆ ನೋಡಿದ. ಹಾಸಿಗೆಯ ಮೇಲಿದ್ದ ಫೋನು ಸದ್ದು ಮಾಡಿರಲಿಲ್ಲ. ಮಾಡಿದ್ದರೆ ಬಹುಶಃ ನೋಡುತ್ತಿರಲಿಲ್ಲ, ಮಾಡಲಿಲ್ಲವೆಂದೇ ನೋಡಿದ. ಹೋದ ವಾರದಿಂದ ಹೀಗಾಗಿದೆ. ಹಲ್ಲುಜ್ಜುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ, ಎದುರಿಗೆ ಕೂತವರು ಏನೋ ಹೇಳುತ್ತಿರುವಾಗ, ಫೋನು ಸುಮ್ಮನಿರುವುದು ಅವನಿಗೆ ಕೇಳಿಸುತ್ತದೆ. ಎತ್ತಿಕೊಂಡು ನೋಡಿದರೆ ಕಪ್ಪು ಗಾಜಿನಲ್ಲಿ ಅವನದೇ ಗಲ್ಲ, ಅದರ ಹಿಂದೆ ತಿರುಗುವ ಫ್ಯಾನು. ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ರೀ, ತಟ್ಟೆ ಹಾಕಿ ಎಷ್ಟೊತ್ತಾಯ್ತು. ತಿಂಡಿಗೂ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸ್ಬೇಕಾ?” ಬಂದೆ ಎಂದ. ಬಂದು ಕೂತ. ಸಂಜೆ ನಾಲ್ಕಕ್ಕೆ ಮ್ಯಾನೇಜರ ಕೋಣೆಯಲ್ಲಿ ಸಭೆ. ಅಲರ್ಟ್ ಯಾಕೆ ಮೊಳಗಲಿಲ್ಲ, ಮಿತಿಯನ್ನು ಇಪ್ಪತ್ತರಿಂದ ಐವತ್ತಕ್ಕೆ ಏರಿಸಿದವರು ಯಾರು ಎಂದು ಅಲ್ಲಿ ತೀರ್ಮಾನವಾಗಬೇಕು. ಏರಿಸಿದ್ದು ಅವನು. ಕಚೇರಿಯಲ್ಲಿ ಅದು ಅವನಿಗೊಬ್ಬನಿಗೇ ಗೊತ್ತು. ತೀರ್ಮಾನ ಹೋಗಿ ಬೀಳಲಿರುವುದು ಪಕ್ಕದ ಮೇಜಿನ ಹುಡುಗಿಯ ತಲೆಯ ಮೇಲೆ. ಅವಳ ಕಾಂಟ್ರ್ಯಾಕ್ಟು ಈ ತಿಂಗಳ ಕೊನೆಗೆ ಮುಗಿಯುತ್ತದೆ.

ಏರಿಸಿದ್ದು ಇದೇ ಊಟದ ಮೇಜಿನಲ್ಲಿ, ಇದೇ ಕುರ್ಚಿಯಲ್ಲಿ ಕೂತು. ಆಗ ಫೋನು ದಿನಕ್ಕೆ ಹತ್ತು ಸಲ ಮೊಳಗುತ್ತಿತ್ತು. ಅವನ ಕಂಪನಿ ಉಸಿರಾಟದ ತೊಂದರೆ ಇರುವವರ ಮನೆಗಳಿಗೆ ಆಮ್ಲಜನಕದ ಸಿಲಿಂಡರು ಕಳಿಸುತ್ತದೆ. ಜನ ಕಂಪನಿಯ ಸೈಟಿಗೆ ಬಂದು ಬಟನ್ ಒತ್ತಿದರೆ ಕೆಳಗಿನ ಗೋದಾಮಿನಲ್ಲಿ ಚೀಟಿ ಬೀಳುತ್ತದೆ, ಗಾಡಿ ಹೊರಡುತ್ತದೆ. ಎಷ್ಟು ಜನ ಬಂದರು, ಎಷ್ಟು ಜನ ಒತ್ತಿದರು ಎಂಬ ಲೆಕ್ಕ ನೋಡಿಕೊಳ್ಳುವುದು ಅವನ ವಿಭಾಗದ ಕೆಲಸ. ವಿಭಾಗವೆಂದರೆ ಅವನು ಮತ್ತು ಆ ಹುಡುಗಿ. ಅಲರ್ಟ್ ಕಟ್ಟಿದವಳು ಅವಳೇ: ಹೋದ ವಾರದ ಇದೇ ದಿನಕ್ಕಿಂತ ಆರ್ಡರ್ ಶೇಕಡಾ ಇಪ್ಪತ್ತು ಕಡಿಮೆಯಾದರೆ ಇಬ್ಬರ ಫೋನೂ ಹೊಡೆದುಕೊಳ್ಳಬೇಕು. ಹೊಡೆದುಕೊಂಡವು. ರಜೆ ಬಂದರೆ ಮೊಳಗಿತು, ಮಳೆ ಬಂದರೆ ಮೊಳಗಿತು, ಹೋದ ವಾರ ಯಾವುದೋ ಆಸ್ಪತ್ರೆ ಒಟ್ಟಿಗೆ ಆರ್ಡರ್ ಹಾಕಿದ್ದರೆ ಈ ವಾರ ಹಾಕಲಿಲ್ಲವೆಂದು ಮೊಳಗಿತು. ತೋಳ ಬಂತು ತೋಳ ಅನ್ನುವುದಾಯಿತು. ಅವತ್ತು ರಾತ್ರಿ ಊಟದ ಹೊತ್ತಿನಲ್ಲಿ ಮೊಳಗಿದಾಗ ಹೆಂಡತಿ, “ನಿಮ್ಮ ಸೈಟಿಗೂ ಒಂದು ತಟ್ಟೆ ಹಾಕ್ತೀನಿ ತಾಳಿ, ದಿನಾ ಊಟಕ್ಕೆ ಬರುತ್ತಲ್ಲ” ಅಂದಿದ್ದಳು. ಆ ದಿನಗಳಲ್ಲಿ ಅವರಿಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ಜಗಳವೇನಿಲ್ಲ. ಜಗಳವಿದ್ದಿದ್ದರೆ ಒಂದು ಕೊನೆಯಾದರೂ ಇರುತ್ತಿತ್ತು. ಹಾಗಾಗಿ ಅವಳು ತಮಾಷೆಗೆ ಇಳಿದದ್ದೇ ದೊಡ್ಡದೆನ್ನಿಸಿ, ಅವನು ಎಡಗೈಯಲ್ಲಿ ಫೋನು ಎತ್ತಿ, ಅವಳಿಗೆ ಕಾಣುವ ಹಾಗೆ ಹಿಡಿದು, ಇಪ್ಪತ್ತನ್ನು ಅಳಿಸಿ ಐವತ್ತು ಮಾಡಿದ. “ನೋಡು, ಇವತ್ತಿಂದ ಅದಕ್ಕೆ ಉಪವಾಸ.” ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ಹಲ್ಲು ಕಾಣುವ ಹಾಗೆ ನಕ್ಕಳು. ಸೋಮವಾರ ಮತ್ತೆ ಇಪ್ಪತ್ತು ಮಾಡಿದರಾಯಿತು ಎಂದುಕೊಂಡಿದ್ದ. ಸೋಮವಾರ ಬಂತು. ಫೋನು ಸುಮ್ಮನಿತ್ತು. ಸುಮ್ಮನಿರುವುದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ?

ಈಗ ಅದೇ ಹೆಂಡತಿ ಲೋಟಕ್ಕೆ ನೀರು ಬಗ್ಗಿಸುತ್ತ, “ಏನಾಗಿದೆ ನಿಮಗೆ, ಮುಖ ಯಾಕೆ ಹಾಗೆ” ಎಂದು ಕೇಳಿದಳು. ಸಭೆಯಿದೆ ಎಂದ. ಸಭೆಗೆ ಯಾರಾದರೂ ಹೀಗೆ ಮುಖ ಮಾಡಿಕೊಳ್ಳುತ್ತಾರಾ ಎಂದಳು. ಹೇಳಿಬಿಡಬಹುದಿತ್ತು. ಹೇಳಿದರೆ ಅವಳ ಆ ನಗುವೂ ಅಪರಾಧದಲ್ಲಿ ಭಾಗಿಯಾಗುತ್ತದೆ. ಇನ್ನು ಮುಂದೆ ನಗುವಾಗಲೆಲ್ಲ ಅವಳು ಒಂದು ಗಳಿಗೆ ತಡೆದು ನಗುತ್ತಾಳೆ. ಅವಳನ್ನು ಉಳಿಸಲಿಕ್ಕೆಂದೇ ಹೇಳುತ್ತಿಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದು ಎಷ್ಟು ಸಲೀಸಾಗಿತ್ತೆಂದರೆ ಅವನಿಗೇ ಅದರ ಮೇಲೆ ಗುಮಾನಿ ಬಂತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಲೆಕ್ಕವನ್ನು ಇನ್ನೊಮ್ಮೆ ಮಾಡಿದ. ಲೆಕ್ಕ ಬದಲಾಗಬಹುದೆಂಬ ಆಸೆ ಇನ್ನೂ ಸತ್ತಿರಲಿಲ್ಲ. ಮಿತಿ ಏರಿಸಿದ ಮೇಲೆ ಸೈಟಿನ ಪುಟವನ್ನು ಹೊರಗಿನ ಕಂಪನಿಯವರು ಹೊಸದಾಗಿ ಮಾಡಿಕೊಟ್ಟರು. ಹೊಸ ಫೋನುಗಳಲ್ಲಿ ಏನೂ ತೊಂದರೆಯಿಲ್ಲ. ಹಳೆಯ, ಚಿಕ್ಕ ಪರದೆಯ ಫೋನುಗಳಲ್ಲಿ ಆರ್ಡರ್ ಬಟನ್ ಕೆಳಗಿನ ಪಟ್ಟಿಯ ಹಿಂದೆ ಸರಿದಿತ್ತು. ಅರ್ಧ ಕಾಣುತ್ತಿತ್ತು, ಒತ್ತಿದರೆ ಏನೂ ಆಗುತ್ತಿರಲಿಲ್ಲ. ಆರ್ಡರ್ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಮೂರರಲ್ಲಿ ಒಂದು ಪಾಲೆಂದರೆ ಶೇಕಡಾ ಮೂವತ್ತಮೂರು. ಇಪ್ಪತ್ತರ ಮಿತಿಗೆ ಮೊದಲ ದಿನವೇ ಮೊಳಗುತ್ತಿತ್ತು. ಐವತ್ತರ ಮಿತಿಗೆ ವರ್ಷವಾದರೂ ಮೊಳಗುವುದಿಲ್ಲ. ಇದರಲ್ಲಿ ವಾದಕ್ಕೆ ಜಾಗವಿಲ್ಲ, ಮಕ್ಕಳ ಲೆಕ್ಕ. ಅದಕ್ಕಿಂತ ಹೆಚ್ಚು ಅವನನ್ನು ಕೊರೆದದ್ದು ಇನ್ನೊಂದು ಅಂಕಿ: ಆ ದಿನಗಳಲ್ಲಿ ಸೈಟಿಗೆ ಬಂದವರ ಸಂಖ್ಯೆ ಏರಿತ್ತು. ಒತ್ತಿ, ಆಗದೆ, ಹೊರಗೆ ಹೋಗಿ, ಮತ್ತೆ ಬಂದು, ಮತ್ತೆ ಒತ್ತಿ. ಒಬ್ಬನೇ ಹತ್ತು ಸಲ ಬಾಗಿಲು ಬಡಿದರೆ ಪುಸ್ತಕದಲ್ಲಿ ಹತ್ತು ಭೇಟಿ. ಗ್ರಾಫಿನ ಗೆರೆ ಮೇಲಕ್ಕೆ ಹೋದದ್ದನ್ನು ನೋಡಿ ಮ್ಯಾನೇಜರು ಅವನ ಬೆನ್ನು ತಟ್ಟಿದ್ದರು. “ಹೊಸ ಪುಟ ಜನಕ್ಕೆ ಹಿಡಿಸಿದೆ ಕಣ್ರೀ.” ಅವನೂ ಹೌದು ಸರ್ ಅಂದಿದ್ದ. ಬೆನ್ನಿನ ಆ ಜಾಗ, ಎಡ ಹೆಗಲಿಗಿಂತ ಸ್ವಲ್ಪ ಕೆಳಗೆ, ಈಗಲೂ ಬೆಚ್ಚಗಿದೆಯೇನೋ ಅನ್ನಿಸಿ ಸೀಟಿಗೆ ಒರಗದೆ ಮುಂದಕ್ಕೆ ಬಾಗಿ ಕೂತ.

ಕಚೇರಿ ಗೋದಾಮಿನ ಮೇಲಿನ ಮಹಡಿಯಲ್ಲಿದೆ. ಮೆಟ್ಟಿಲ ಬುಡದಲ್ಲಿ ಗೋದಾಮಿನ ಆಳು ಪೈಲ್ವಾನ ಸಿಲಿಂಡರನ್ನು ಓರೆ ಮಾಡಿ ಅಂಚಿನ ಮೇಲೆ ಉರುಳಿಸುತ್ತ ಬರುತ್ತಿದ್ದ. ಕಡ್ಡಿಯಂಥ ಮನುಷ್ಯನಾದ್ದರಿಂದ ಅವನಿಗೆ ಆ ಹೆಸರು. “ಏನ್ ಸಾರ್, ಬೆಕ್ಕಿಗೆ ಗಂಟೆ ಕಟ್ಟೋದು ಕಷ್ಟ ಅಂತಿದ್ರು ಹಿಂದಿನೋರು. ನಿಮ್ಮಲ್ಲಿ ಗಂಟೆ ಕಟ್ಟಾಗಿದೆ, ಬೆಕ್ಕು ಯಾರು ಅಂತ ಈಗ ಹುಡುಕ್ತಿದಾರಂತೆ?” ಅವನು ನಗಲು ನೋಡಿದ. “ಯಾರು ಹೇಳಿದ್ದು ನಿನಗೆ?” “ಹೇಳೋದೇನು ಸಾರ್, ಮೇಲೆ ಸೀನಿದ್ರೆ ಕೆಳಗೆ ಕೇಳುತ್ತೆ.” ಸುಮ್ಮನೆ ಅಂದ ಮಾತು. ಆದರೆ ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ಹೆಗಲ ತನಕ ಹೋಗದಿದ್ದರೂ ಜೇಬಿನ ಫೋನಿನ ತನಕ ಹೋಯಿತು.

ಹುಡುಗಿ ಆಗಲೇ ಬಂದು ಕೂತಿದ್ದಳು. ಅಲರ್ಟ್ ಕಟ್ಟಿದ ದಿನದಿಂದ ಕಚೇರಿಯವರು ಅವಳನ್ನು ಗಂಟೆಯಮ್ಮ ಎಂದು ಕರೆಯುತ್ತಿದ್ದರು. ಅವಳಿಗೂ ಅದರಲ್ಲಿ ಒಂದು ಹೆಮ್ಮೆ ಇತ್ತು. ಹೋದ ವಾರದಿಂದ ಯಾರೂ ಹಾಗೆ ಕರೆದಿಲ್ಲ. ಹೊಸ ಅಲರ್ಟ್‌ಗಳನ್ನು ಇವತ್ತೇ ಕಟ್ಟಿ ಮುಗಿಸಬೇಕೆಂದು ಮ್ಯಾನೇಜರ ಅಪ್ಪಣೆ. ಪರದೆಯ ಮೇಲೆ ಅವಳು ಬೇರೆ ಬೇರೆ ಕಿಟಕಿ ತೆರೆದಿಟ್ಟಿದ್ದಳು: ಹಳೆಯ ಫೋನಿನವರ ಆರ್ಡರ್ ಬೇರೆ, ಹೊಸ ಫೋನಿನವರದು ಬೇರೆ, ಬಂದವರ ಸಂಖ್ಯೆ ಏರಿ ಆರ್ಡರ್ ಇಳಿದರೆ ಮೊಳಗುವುದು ಒಂದು, ಒಬ್ಬರೇ ಮತ್ತೆ ಮತ್ತೆ ಬಂದು ಬರಿಗೈಯಲ್ಲಿ ಹೋದರೆ ಮೊಳಗುವುದು ಇನ್ನೊಂದು. ಒಳ್ಳೆಯ ಕೆಲಸ. ತನಗೆ ಇದು ಹೊಳೆಯುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು.

“ಸರ್, ನಾನೇ ಹಾಕಿದ್ನೇನೋ ಅನ್ನಿಸ್ತಿದೆ” ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

“ಏನನ್ನ?”

“ಐವತ್ತನ್ನ. ಬದಲಾದ ತಾರೀಖು ತೋರಿಸ್ತಿದೆ. ಅವತ್ತು ರಾತ್ರಿ ರಿಪೋರ್ಟ್ ತೆಗೆಯೋಕೆ ನಾನೂ ಮನೆಯಿಂದ ಲಾಗಿನ್ ಆಗಿದ್ದೆ. ಯಾವುದೋ ಪರೀಕ್ಷೆಗೆ ಅಂತ ಹಾಕಿ ತೆಗೆಯೋದು ಮರೆತ್ನೇನೋ. ನೆನಪೇ ಆಗ್ತಿಲ್ಲ. ಹೆಸರು ನೋಡೋಣ ಅಂದ್ರೆ ವಿಭಾಗದ ಹೆಸರೊಂದೇ ಬರುತ್ತೆ.”

ವಿಭಾಗದ ಹೆಸರೊಂದೇ ಬರುತ್ತದೆ. ಇಬ್ಬರೂ ಒಂದೇ ಖಾತೆಯಲ್ಲಿ, ಒಂದೇ ಗುಪ್ತಪದದಲ್ಲಿ ಒಳಗೆ ಹೋಗುತ್ತಿದ್ದರು. ಬೇರೆ ಬೇರೆ ಖಾತೆ ಮಾಡಿಕೊಳ್ಳೋಣ ಎಂದು ಅವಳು ಸೇರಿದ ಹೊಸತರಲ್ಲಿ ಕೇಳಿದ್ದಳು. “ಇಬ್ಬರಿಗೆ ಎಷ್ಟು ಬಾಗಿಲಮ್ಮ, ಒಂದು ಸಾಕು” ಎಂದು ತಾನೇ ತಮಾಷೆ ಮಾಡಿದ್ದು ನೆನಪಾಯಿತು. ಈಗ ಹೇಳಬೇಕು. ಈಗ ಹೇಳದಿದ್ದರೆ ಇನ್ನು ಹೇಳುವುದಕ್ಕಾಗುವುದಿಲ್ಲ. ಬಾಯಿ ತೆರೆದ. “ತಲೆ ಕೆಡಿಸ್ಕೋಬೇಡ, ನೋಡೋಣ” ಎಂಬ ಮಾತು ಹೊರಗೆ ಬಂತು. ಎಷ್ಟು ಮೃದುವಾಗಿ ಬಂತೆಂದರೆ ಅವಳು ತಿರುಗಿ ನೋಡಿ, “ಥ್ಯಾಂಕ್ಸ್ ಸರ್” ಅಂದಳು. ಆ ಮಾತು ಎಲ್ಲಿ ಬಿತ್ತೋ, ಅಲ್ಲಿಂದ ಅದನ್ನು ಎತ್ತಿ ವಾಪಸು ಕೊಡುವ ಬಗೆ ತಿಳಿಯದೆ ಅವನು ತನ್ನ ಕಂಪ್ಯೂಟರು ಚಾಲೂ ಮಾಡಿದ.

ಮಧ್ಯಾಹ್ನಕ್ಕೆ ಮುಂಚೆ ಕೆಳಗಿಂದ ಕರೆ ಬಂತು. ದರ್ಜಿ ಬಂದಿದ್ದಾನೆ, ಯಾರಾದರೂ ಮಾತಾಡಿಸಿ ಎಂದು. ಬಟನ್ ಕೆಟ್ಟಿದ್ದರಿಂದ ಸಿಲಿಂಡರು ತಲುಪದೆ ಹೋದದ್ದು ಈ ದರ್ಜಿಯ ಹೆಂಡತಿಗೇ. ಅವಳು ಇನ್ನೂ ಆಸ್ಪತ್ರೆಯಲ್ಲಿದ್ದಾಳೆ, ಕಣ್ಣು ಬಿಟ್ಟಿಲ್ಲ. ಕಂಪನಿಗೆ ದೂರು ಬರುತ್ತದೆಂದು ಎಲ್ಲರೂ ಕಾಯುತ್ತಿದ್ದರು; ದೂರಿನ ಬದಲು ಮನುಷ್ಯನೇ ಬಂದಿದ್ದ. ಮ್ಯಾನೇಜರು ಫೋನಿನಲ್ಲಿ, “ನೀವೇ ಹೋಗಿ ಬನ್ರೀ. ಏನೂ ಒಪ್ಪಿಕೊಳ್ಳಬೇಡಿ, ಕುಡಿಯೋಕೆ ಏನಾದ್ರೂ ಕೊಡಿ” ಎಂದರು.

ಸ್ವಾಗತದ ಕೋಣೆಯಲ್ಲಿ ಮಾರಾಟಕ್ಕಿಟ್ಟ ರೋಗಿಗಳ ಮಂಚವೊಂದಿತ್ತು, ಅದರ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಕುರ್ಚಿ ಖಾಲಿಯಿದ್ದರೂ ದರ್ಜಿ ಮಂಚದ ಪಕ್ಕದಲ್ಲಿ ನಿಂತಿದ್ದ. ಐವತ್ತೈದರ ಆಸುಪಾಸು, ಕಾಲರಿನ ಒಳಮಗ್ಗುಲಿಗೆ ಎರಡು ಗುಂಡುಸೂಜಿ ಚುಚ್ಚಿಕೊಂಡಿದ್ದ, ತೆಗೆಯಲು ಮರೆತಿರಬೇಕು. ಇವನನ್ನು ನೋಡಿದವನೇ ಜೇಬಿನಿಂದ ಫೋನು ತೆಗೆದ. ಮೂಲೆ ಒಡೆದ ಚಿಕ್ಕ ಫೋನು, ರಬ್ಬರ್ ಬ್ಯಾಂಡ್ ಸುತ್ತಿತ್ತು.

“ನೀವು ನಂಬಲ್ಲ ಅಂತ ಗೊತ್ತು ಸಾರ್. ಅದಕ್ಕೇ ತೋರಿಸೋಕೆ ಬಂದೆ. ಆಸ್ಪತ್ರೇಲಿ ನನ್ನ ಭಾಮೈದ ಕೇಳ್ತಾನೆ, ‘ಭಾವ, ನೀವು ಸರಿಯಾಗಿ ಒತ್ತಿಲ್ಲ’ ಅಂತ. ಮೂವತ್ತು ವರ್ಷ ಗುಂಡಿ ಹೊಲಿದಿದೀನಿ, ಒಂದು ಗುಂಡಿ ಒತ್ತೋಕೆ ಬರಲ್ವಾ ನಂಗೆ?”

“ನಂಬ್ತೀವಿ, ಕೂತ್ಕೊಳ್ಳಿ.”

“ನೀವು ನೋಡಿ. ಮೂರು ದಿನ ಒತ್ತಿದೀನಿ. ನಿಮ್ಮ ಕಂಪನಿಗೆ ಫೋನ್ ಮಾಡಿದ್ರೆ ಆ ಹೆಂಗಸು, ಬೇಗ ಆಗ್ಬೇಕಾದ್ರೆ ಸೈಟಿಗೆ ಹೋಗಿ ಅಂತಾಳೆ. ಅವಳು ಮನುಷ್ಯಳೋ ಮಿಷನ್ನೋ ಗೊತ್ತಾಗಲಿಲ್ಲ, ಹೂಂ ತಾಯಿ ಅಂದು ಮತ್ತೆ ಸೈಟಿಗೆ ಬಂದೆ. ಇಗೋ, ಹಿಂಗೆ.” ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಒತ್ತಿದ.

ಬಟನ್ ಕೆಲಸ ಮಾಡಿತು. ಹೋದ ಗುರುವಾರ ದರ್ಜಿಯ ಭಾಮೈದ ಆಸ್ಪತ್ರೆಯಿಂದ ಕೂಗಾಡಿದ ಅರ್ಧ ಗಂಟೆಯೊಳಗೇ ಅದನ್ನು ಸರಿಮಾಡಿದ್ದರು. ಪರದೆಯ ಮೇಲೆ ಹಸಿರು ಗುರುತು ಮೂಡಿ, ನಿಮ್ಮ ಆರ್ಡರ್ ಸ್ವೀಕರಿಸಿದ್ದೇವೆ ಎಂದು ಬಂತು. ದರ್ಜಿ ಅದನ್ನು ನೋಡಿದ. ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಅವನ ಮುಖದಲ್ಲಿ ಸಿಟ್ಟು ಬರಬಹುದೆಂದು ಇವನು ಕಾದ, ಬಂದದ್ದು ನಾಚಿಕೆ. ಸಭೆಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವನ ನಾಚಿಕೆ. “ಅವತ್ತು ಆಗ್ಲಿಲ್ಲ ಸಾರ್” ಎಂದ ತಗ್ಗಿದ ದನಿಯಲ್ಲಿ. “ನಿಜವಾಗ್ಲೂ ಆಗ್ಲಿಲ್ಲ. ನನ್ನ ಬೆರಳೇ ಸರಿಯಿಲ್ವೋ ಏನೋ.”

ಆ ಬೆರಳನ್ನು ಇವನು ನೋಡಿದ. ಉಗುರಿನ ಬದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಚರ್ಮ ಜಡ್ಡುಗಟ್ಟಿತ್ತು. ಬೆರಳು ಸರಿಯಿದೆ, ತಪ್ಪು ನಮ್ಮದು, ಸರಿಯಾಗಿ ಹೇಳಬೇಕೆಂದರೆ ನನ್ನದು ಎಂಬ ವಾಕ್ಯ ಅವನೊಳಗೆ ಪೂರ್ತಿ ತಯಾರಾಯಿತು, ಪೂರ್ಣವಿರಾಮದ ಸಮೇತ. ಏನೂ ಒಪ್ಪಿಕೊಳ್ಳಬೇಡಿ ಎಂದಿದ್ದಾರೆ. ಒಪ್ಪಿಕೊಳ್ಳದೆ ಇರುವುದಕ್ಕೆ ಅಪ್ಪಣೆಯೇ ಇದೆ ಎಂಬುದು ಎಂಥ ಆಸರೆ. “ಕೆಲವು ಫೋನುಗಳಲ್ಲಿ ತೊಂದರೆ ಇತ್ತು, ಈಗ ಸರಿಹೋಗಿದೆ” ಎಂದ. ಅದು ಸುಳ್ಳಲ್ಲ. “ಈಗ ಬಿದ್ದಿರೋ ಆರ್ಡರ್ ರದ್ದು ಮಾಡಿಸ್ತೀನಿ.”

ದರ್ಜಿ ಫೋನಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದ. “ಇರ್ಲಿ ಬಿಡಿ ಸಾರ್, ಬರ್ಲಿ” ಎಂದ. “ಅವಳು ಮನೆಗೆ ಬಂದಾಗ ಬೇಕಾಗುತ್ತಲ್ಲ.” ಕುಡಿಯಲು ಕೊಟ್ಟದ್ದನ್ನು ಮುಟ್ಟದೆ, ಭಾಮೈದನಿಗೆ ಒಂದು ಮಾತು ಫೋನಿನಲ್ಲಿ ಹೇಳುತ್ತೀರಾ, ಬಟನ್ ಕೆಟ್ಟಿತ್ತು ಅಂತ, ಎಂದು ಕೇಳಿದ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಇವನು ಅಂದ. ದರ್ಜಿ ತಲೆಯಾಡಿಸಿದ. ಮೇಲಿನವರು ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಅವನು ಹೋದ ಮೇಲೆ ಇವನು ಮೇಲೆ ಬಂದು ಗ್ರಾಫು ತೆರೆದು ನೋಡಿದರೆ ಇವತ್ತಿನ ಆರ್ಡರಿನ ಲೆಕ್ಕದಲ್ಲಿ ಒಂದು ಹೆಚ್ಚಾಗಿತ್ತು.

ನಾಲ್ಕರ ಸಭೆ ಅವನು ಹೆದರಿದಷ್ಟು ಉದ್ದವಿರಲಿಲ್ಲ. ಅದೇ ಅವನಿಗೆ ಕೆಟ್ಟದಾಗಿ ಕಂಡದ್ದು. ಮ್ಯಾನೇಜರ ಕೋಣೆಗೆ ಒಂದು ಕಡೆ ಗಾಜಿನ ಗೋಡೆ. ಒಳಗೆ ಎಸಿಯ ಥಂಡಿ, ಮೇಜಿನ ಮೇಲೆ ಯಾರೋ ಕೊಟ್ಟ ಗಡಿಯಾರ, ನಿಂತದ್ದು. ಮ್ಯಾನೇಜರು ಕೆಟ್ಟ ಮನುಷ್ಯನಲ್ಲ. “ನೋಡಿ, ಯಾರನ್ನೂ ಗಲ್ಲಿಗೆ ಹಾಕೋಕೆ ಕೂತಿಲ್ಲ” ಎಂದು ಶುರುಮಾಡಿದರು. “ನಾಳೆ ವಿಮೆಯವರು ಕೇಳ್ತಾರೆ, ಏನಾಯ್ತು, ಯಾರು, ನೀವೇನು ಕ್ರಮ ತಗೊಂಡ್ರಿ ಅಂತ. ಮೂರಕ್ಕೂ ಒಂದೊಂದು ಸಾಲು ಬೇಕು ನನಗೆ. ಅಷ್ಟೇ. ಮೊದಲನೇದು ನೀವು ಹೇಳಿ.”

ಅವನು ಹೇಳಿದ. ಹಳೆಯ ಫೋನು, ಕೆಳಗಿನ ಪಟ್ಟಿ, ಮೂವತ್ತಮೂರು, ಐವತ್ತು. ಅಂಕಿಗಳು ಬಾಯಿಂದ ಬರುವಾಗ ಅವನ ದನಿ ಸ್ಥಿರವಾಗಿತ್ತು. ಪ್ರತಿ ಅಂಕಿಯೂ ನಿಜ. ಇಷ್ಟು ನಿಜಗಳನ್ನು ಸಾಲಾಗಿ ಹೇಳಿದವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

“ಎರಡನೇದು?” ಎಂದರು ಮ್ಯಾನೇಜರು.

ಹುಡುಗಿ ಮಡಿಲಲ್ಲಿ ಕೈ ಕಟ್ಟಿ ಕೂತಿದ್ದಳು. “ನಾನೇ ಇರ್ಬೇಕು ಸರ್” ಎಂದಳು. ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು, ಎಸಿ ಒಮ್ಮೆ ಕೆಮ್ಮಿತು, ಕೆಳಗೆ ಪೈಲ್ವಾನ ಯಾರನ್ನೋ ಬೈದ. ಅವಳು ಒಮ್ಮೆ ಇವನ ಕಡೆ ನೋಡಿದಳು. ಬೇಡಿಕೆಯ ನೋಟವಲ್ಲ, ಬಸ್ಸು ಬರುವ ದಿಕ್ಕಿಗೆ ನೋಡುವ ಹಾಗೆ. ಅವನು ಮೇಜಿನ ಅಂಚಿನಲ್ಲಿ ಎದ್ದಿದ್ದ ಸಿಬಿರನ್ನು ಉಗುರಿನಿಂದ ಒತ್ತುತ್ತಿದ್ದ. “ನೀವೇನಂತೀರಿ?” ಎಂದು ಮ್ಯಾನೇಜರು ಅವನನ್ನೇ ಕೇಳಿದರು. “ತುಂಬಾ ಒಳ್ಳೆ ಕೆಲಸಗಾರಳು ಸರ್” ಎಂದ. ಮ್ಯಾನೇಜರು ಅದನ್ನು ಉತ್ತರವೆಂದೇ ತೆಗೆದುಕೊಂಡು ಏನೋ ಬರೆದರು. ಕಾಂಟ್ರ್ಯಾಕ್ಟ್ ಹೇಗೂ ಮುಗಿಯುತ್ತದೆ, ಮುಂದುವರಿಸುವುದು ಬೇಡ, ಸರ್ಟಿಫಿಕೇಟಿನಲ್ಲಿ ಇದನ್ನೆಲ್ಲ ಬರೆಯುವುದಿಲ್ಲ ಎಂದರು. ಅವಳು ಸರಿ ಸರ್ ಎಂದಳು. ಮೂರು ಸಾಲೂ ಸಿಕ್ಕವು.

ಮೇಜಿಗೆ ಮರಳಿ ಅವಳು ಬೆಳಗ್ಗೆ ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಸಿದಳು. ಅಲರ್ಟ್ ತಲುಪಬೇಕಾದವರ ಪಟ್ಟಿಯಿಂದ ತನ್ನ ನಂಬರು ತೆಗೆದಳು, ಅವನದನ್ನು ಉಳಿಸಿದಳು. ಇವತ್ತಿನಿಂದ ಇಬ್ಬರಿಗೂ ಬೇರೆ ಬೇರೆ ಖಾತೆ. ಯಾವ ಮಿತಿ ಯಾರು ಮುಟ್ಟಿದರೂ ಅವರ ಹೆಸರೇ ಬೀಳುತ್ತದೆ. ಅವನು ಅವಳ ಬೆರಳುಗಳನ್ನು ನೋಡುತ್ತ ನಿಂತಿದ್ದ. “ನೋಡಮ್ಮ,” ಎಂದ, “ಆ ಐವತ್ತು...”

“ಗೊತ್ತು ಸರ್” ಎಂದಳು.

ಸುತ್ತ ಬೇರೆ ಯಾರೂ ಇರಲಿಲ್ಲ. ಆದರೂ ಅವಳು ದನಿ ತಗ್ಗಿಸಿಯೇ ಮಾತಾಡಿದಳು. “ಇವತ್ತಲ್ಲ, ಬಟನ್ ಕೆಟ್ಟಿದೆ ಅಂತ ಸಿಕ್ಕಿಬಿದ್ದ ದಿನವೇ ಗೊತ್ತಾಯ್ತು. ಅವತ್ತು ಬೆಳಿಗ್ಗೆಯಿಂದ ನೀವು ನನ್ನ ಬೈಯಲಿಲ್ಲ. ಒಂದು ಚುಕ್ಕಿ ತಪ್ಪಿದ್ರೆ ಬೈಯೋರು.”

“ಮತ್ತೆ ನಾನೇ ಅಂತ ಯಾಕೆ ಅಂದೆ?”

“ನನ್ನ ಫೋನೂ ಸುಮ್ಮನಾಗಿತ್ತಲ್ಲ ಸರ್. ಒಂದು ತಿಂಗಳು. ಕಟ್ಟಿದೋಳು ನಾನು, ಯಾಕೆ ಮೊಳಗ್ತಿಲ್ಲ ಅಂತ ನೋಡ್ಬೇಕಿತ್ತು. ನಂಗೂ ಹಾಯಾಗಿತ್ತು. ಅಮ್ಮ ಕೂಡ ಅಂದ್ಲು, ಈಗೀಗ ನಿನ್ನ ಮುಖದಲ್ಲಿ ಕಳೆ ಬಂದಿದೆ ಅಂತ. ಅದಕ್ಕೇ ನಾನು ಅಂದೆ. ನಾನೇ ಅಂತ ಒಪ್ಪಿಕೊಂಡ್ರೆ ನೀವು, ‘ಅವಳೊಬ್ಬಳೇ ಅಲ್ಲ, ನಾನೂ’ ಅಂತೀರೇನೋ ಅಂತ ಕಾದೆ.” ಇಷ್ಟನ್ನೂ ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಒಂದು ಅಂಕಿ ಎಲ್ಲಿ ತಪ್ಪಿತೆಂದು ತೋರಿಸುವಾಗಿನ ದನಿ ಅದು.

“ಈಗ ಹೇಳ್ತೀನಿ” ಎಂದ. ಎದ್ದೇ ನಿಂತಿದ್ದವನು ಇನ್ನೊಮ್ಮೆ ಎದ್ದವನಂತೆ ನೆಟ್ಟಗಾದ. ಅವಳು ಬೇಡವೆನ್ನಲಿಲ್ಲ. ಬೇಡವೆನ್ನಬಹುದೆಂದು ಅವನು ಒಂದು ಕ್ಷಣ ಕೊಟ್ಟ. ಅವಳು ಅದನ್ನು ಬಳಸಿಕೊಳ್ಳಲಿಲ್ಲ. ಮ್ಯಾನೇಜರ ಬಾಗಿಲು ನಾಲ್ಕೈದು ಮೇಜುಗಳಾಚೆ. ನಡೆಯುವಾಗ ವಾಕ್ಯವನ್ನು ಜೋಡಿಸಿಕೊಂಡ: ಸರ್, ಮಿತಿ ಏರಿಸಿದ್ದು ನಾನು. ನಾಲ್ಕೇ ಪದ. ಬಾಗಿಲು ತಳ್ಳಿದ. ಮ್ಯಾನೇಜರು ಕೋಟು ಹಾಕಿಕೊಳ್ಳುತ್ತಿದ್ದರು, ಒಂದು ತೋಳು ಒಳಗೆ, ಒಂದು ಹೊರಗೆ. ಮುಗಿದುಹೋದ ಕೆಲಸದ ಸಮಾಧಾನ ಅವರ ಮುಖದ ಮೇಲಿತ್ತು. “ಬನ್ನಿ ಬನ್ನಿ. ಬೇಜಾರು ಮಾಡ್ಕೋಬೇಡಿ ಕಣ್ರೀ, ನಿಮ್ಮ ಕೈಕೆಳಗಿನೋರ ತಪ್ಪಿಗೆ ನೀವೇನು ಮಾಡೋಕಾಗುತ್ತೆ. ಹೇಳಿ, ಏನು?” ಅವನು ಅವರ ಖಾಲಿ ತೋಳನ್ನು ನೋಡುತ್ತ, “ಏನಿಲ್ಲ ಸರ್, ಹೊಸ ಅಲರ್ಟ್ ಇವತ್ತೇ ಮುಗಿಯುತ್ತೆ ಅಂತ ಹೇಳೋಕೆ ಬಂದೆ” ಎಂದ. ಗುಡ್ ಎಂದರು. ಹೇಳಿದ್ದರೆ ಏನಾಗುತ್ತಿತ್ತು ಎಂಬ ಭಯಕ್ಕಿಂತ, ಹೇಳದೆ ಹೊರಗೆ ಬರುವಾಗ ಎದೆ ಹಗುರಾದದ್ದು ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

ಗಾಜಿನ ಗೋಡೆಯ ಆಚೆಯಿಂದ ಅವಳಿಗೆ ಎಲ್ಲ ಕಂಡಿರಬೇಕು. ಮಾತು ಕೇಳಿಸಿರುವುದಿಲ್ಲ, ಎಷ್ಟು ಹೊತ್ತು ಆಡಿದ ಎಂಬುದು ಕಂಡಿರುತ್ತದೆ. ಹೇಳಬೇಕಾದ ಮಾತಿಗೆ ಅಷ್ಟು ಹೊತ್ತು ಸಾಲದು. ಬಾಗಿಲನ್ನು ಅವನು ಮೆಲ್ಲಗೆ, ರಜೆ ಕೇಳಿ ಬಂದವನ ಹಾಗೆ ಮುಚ್ಚಿದ್ದೂ ಕಂಡಿರುತ್ತದೆ. ಅವನು ಬಂದು ಕುರ್ಚಿಯ ಬೆನ್ನು ಹಿಡಿದು ನಿಂತಾಗ ಅವಳು ಪರದೆಯನ್ನು ಅವನ ಕಡೆಗೆ ಸ್ವಲ್ಪ ತಿರುಗಿಸಿದಳು. ಎಲ್ಲ ಕಟ್ಟಿ ಮುಗಿದಿತ್ತು, ಒಂದು ಚೌಕ ಮಾತ್ರ ಖಾಲಿ. ಅದರೊಳಗೆ ಗೆರೆಯೊಂದು ಮಿಟುಕುತ್ತಿತ್ತು.

“ಮಿತಿ ಎಷ್ಟು ಹಾಕ್ಲಿ ಸರ್?”

“ನಿನಗೆ ಸರಿ ಕಂಡಷ್ಟು ಹಾಕು” ಎಂದ.

ಅವಳು ಕೀಲಿಮಣೆಯ ಮೇಲಿದ್ದ ಎರಡೂ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.